ನರದ ವೇಗವನ್ನು ಅಳೆದ ಊರು

ಬಾಲ್ಟಿಕ್ ಸಮುದ್ರದ ಸಮೀಪದಲ್ಲಿ, ಪ್ರಷ್ಯದ ಪೂರ್ವದ ಅಂಚಿನಲ್ಲಿದ್ದ ಕೋನಿಗ್ಸ್‌ಬರ್ಗ್ ನಗರವನ್ನು ತತ್ತ್ವಶಾಸ್ತ್ರದ ಅಭ್ಯಾಸಿಗಳು ಕಾಂಟನ ಊರೆಂದು ಬಲ್ಲರು; ಆದರೆ ನರದ ಸಂದೇಶವು ದೇಹದಲ್ಲಿ ಸಂಚರಿಸಲು ಎಷ್ಟು ಕಾಲ ಹಿಡಿಯುತ್ತದೆಂಬುದನ್ನು ಮೊಟ್ಟಮೊದಲು ಗಣಿತದ ಅಂಕೆಗಳಲ್ಲಿ ಹಿಡಿದಿಟ್ಟದ್ದೂ ಅದೇ ಊರಿನಲ್ಲಿ ಎಂಬ ಸಂಗತಿ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಇಂಥದೊಂದು ವಿಳಂಬದ ಸುಳಿವು ದೊರೆತದ್ದು ಖಗೋಳಜ್ಞರಿಗೆ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ, ನಕ್ಷತ್ರವು ದೂರದರ್ಶಕದ ತಂತಿಯನ್ನು ದಾಟುವ ಕ್ಷಣವನ್ನು ತನಗಿಂತ ಸುಮಾರು 0.8 ಸೆಕೆಂಡು ತಡವಾಗಿ ಗುರುತಿಸುತ್ತಾನೆಂದು ಮ್ಯಾಸ್ಕೆಲೈನನು 1796ರಲ್ಲಿ ತನ್ನ ಸಹಾಯಕ ಕಿನ್ನೆಬ್ರೂಕನನ್ನು ಕೆಲಸದಿಂದ ಬಿಡಿಸಿದನು. ಮುಂದೆ ಆ ವೃತ್ತಾಂತವನ್ನು ಓದಿದ ಕೋನಿಗ್ಸ್‌ಬರ್ಗಿನ ಖಗೋಳಜ್ಞ ಬೆಸೆಲ್, ತನ್ನ ವೀಕ್ಷಣೆಗಳನ್ನು ಇತರ ನಿಪುಣರವುಗಳೊಡನೆ ಹೋಲಿಸಿ, ಎಷ್ಟು ಎಚ್ಚರದಿಂದಿದ್ದರೂ ಇಬ್ಬರ ಗಣನೆ ಒಂದಾಗದೆಂದು ತೋರಿಸಿದನು. ಕಿನ್ನೆಬ್ರೂಕನದು ಅಲಕ್ಷ್ಯವಲ್ಲ, ಅವನಿಗೆ ಆದದ್ದು ಅನ್ಯಾಯ ಎಂದೇ ನನ್ನ ಭಾವನೆ.

1849ರಲ್ಲಿ ಶರೀರಕ್ರಿಯಾಶಾಸ್ತ್ರದ ಪ್ರಾಧ್ಯಾಪಕನಾಗಿ ಅದೇ ಊರಿಗೆ ಬಂದವನು ಹರ್ಮನ್ ಹೆಲ್ಮ್‌ಹೋಲ್ಟ್ಸ್. ನರದ ವೇಗವನ್ನು ಅಳೆಯುವ ಸಾಧನ ಮಾನವನಿಗೆ ಬಹುಶಃ ಎಂದಿಗೂ ದೊರೆಯಲಾರದೆಂದು ಅವನ ಗುರು ಯೊಹಾನ್ನೆಸ್ ಮ್ಯುಲ್ಲರನೇ ಬರೆದಿಟ್ಟಿದ್ದನು. ಶಿಷ್ಯನು ಕಪ್ಪೆಯ ಕಾಲಿನ ಸ್ನಾಯುವನ್ನು ಅದರ ನರದೊಡನೆ ಬೇರ್ಪಡಿಸಿ, ಕೆಳಗೊಂದು ಭಾರವನ್ನು ಕಟ್ಟಿ, ನರಕ್ಕೆ ವಿದ್ಯುತ್ತು ತಗಲುವ ಕ್ಷಣಕ್ಕೇ ಇನ್ನೊಂದು ವಿದ್ಯುತ್ಪ್ರವಾಹವೂ ಮೊದಲಾಗುವಂತೆ, ಸ್ನಾಯು ಸಂಕೋಚಗೊಂಡು ಭಾರವನ್ನೆತ್ತಿದೊಡನೆ ಅದು ಕಡಿದುಹೋಗುವಂತೆ ಏರ್ಪಡಿಸಿದನು. ಆ ಪ್ರವಾಹವು ಅಯಸ್ಕಾಂತವನ್ನು ಎಷ್ಟು ಓಲಿಸಿತೋ ಅದರಿಂದ ಕಾಲವನ್ನು ಲೆಕ್ಕ ಹಾಕಬಹುದಾಗಿತ್ತು. ಒಮ್ಮೆ ಸ್ನಾಯುವಿನ ಹತ್ತಿರ, ಒಮ್ಮೆ ದೂರದಲ್ಲಿ ನರವನ್ನು ಕೆಣಕಿ ಎರಡನ್ನೂ ಕಳೆದರೆ, ಸ್ನಾಯು ತಾನೇ ತೆಗೆದುಕೊಳ್ಳುವ ಕಾಲ ಹೊರಟುಹೋಗಿ, ನರದ ಕಾಲವೊಂದೇ ಉಳಿಯುತ್ತದೆ. ಈ ಸರಳವಾದ ವ್ಯವಕಲನದ ಸೊಗಸನ್ನು ಎಷ್ಟು ಮೆಚ್ಚಿದರೂ ಸಾಲದು. 50–60 ಮಿಲಿಮೀಟರು ನರವನ್ನು ದಾಟಲು ಹಿಡಿದ ಕಾಲ 0.0014ರಿಂದ 0.0020 ಸೆಕೆಂಡು! ಮಾಪಕದ ಅಂಕೆಗಳನ್ನು ಬರೆದುಕೊಳ್ಳುತ್ತ ಪಕ್ಕದಲ್ಲಿ ನಿಂತಿದ್ದವಳು ಅವನ ಪತ್ನಿ ಓಲ್ಗಾ.

ಕೊನೆಗೆ ಹೊರಟ ವೇಗ ಸೆಕೆಂಡಿಗೆ ಸುಮಾರು 27 ಮೀಟರು, ಎಂದರೆ ಗಾಳಿಯಲ್ಲಿ ಶಬ್ದವು ಹೋಗುವ ವೇಗದ ಹತ್ತರಲ್ಲೊಂದು ಪಾಲೂ ಅಲ್ಲ. ಸಂಕಲ್ಪವೂ ದೇಹದ ಚೇಷ್ಟೆಯೂ ಏಕಕಾಲದವೆಂದು ನಂಬಿದ್ದ ಅವನ ತಂದೆಗೇ ಇದು ಮೊದಲು ವಿಚಿತ್ರವಾಗಿ ತೋರಿತು. ಆ ವೃದ್ಧನ ದಿಗ್ಭ್ರಮೆಯಲ್ಲಿ ಒಂದು ಯುಗದ ಶ್ರದ್ಧೆಯೇ ಅಲುಗಿದ್ದಿತು. ನರಗಳಲ್ಲಿಯೂ ತಾರತಮ್ಯವುಂಟೆಂದು ಆಮೇಲೆ ತಿಳಿದುಬಂದಿತು: ಸ್ಪರ್ಶವನ್ನು ಒಯ್ಯುವ ದಪ್ಪ ತಂತುಗಳು ಶೀಘ್ರಗಾಮಿಗಳು; ಉರಿನೋವನ್ನು ಒಯ್ಯುವ ಸಣ್ಣ ತಂತುಗಳ ವೇಗ ಸೆಕೆಂಡಿಗೆ ಸುಮಾರು ಒಂದು ಮೀಟರು ಮಾತ್ರ. ಕಾಲ್ಬೆರಳು ಹೊಸ್ತಿಲಿಗೆ ಎಡವಿದಾಗ ತಗಲಿದ್ದು ಮೊದಲು ತಿಳಿದು, ಉರಿ ಅನಂತರ ಏರುವುದು ಇದರಿಂದಲೇ.

ಹೆಲ್ಮ್‌ಹೋಲ್ಟ್ಸ್ 1855ರಲ್ಲಿ ಬಾನ್ ನಗರಕ್ಕೆ ಹೊರಟುಹೋದನು. ಕೋನಿಗ್ಸ್‌ಬರ್ಗ್ ಈಗ ಕಲಿನಿನ್‌ಗ್ರಾಡ್ ಎಂಬ ಹೆಸರಿನಿಂದ ರಷ್ಯಕ್ಕೆ ಸೇರಿದೆ. ಅವನ ಉಪಾಯ ಮಾತ್ರ ಹಳತಾಗಿಲ್ಲ. ಮಧುಮೇಹದಿಂದಲೋ ಕುಷ್ಠದಿಂದಲೋ ನರಗಳು ಕೆಟ್ಟವೆಂಬ ಶಂಕೆಯುಂಟಾದಾಗ, ಇಂದಿನ ಆಸ್ಪತ್ರೆಗಳಲ್ಲಿ ರೋಗಿಯ ಮೊಣಕೈಯ ಬಳಿ ಒಮ್ಮೆ, ಮಣಿಕಟ್ಟಿನ ಬಳಿ ಒಮ್ಮೆ ವಿದ್ಯುತ್ತನ್ನು ಸೋಕಿಸಿ, ಎರಡು ಕಾಲಗಳ ವ್ಯತ್ಯಾಸದಿಂದಲೇ ನರದ ವೇಗವನ್ನು ಗಣಿಸುತ್ತಾರೆ.