ಬೈರಿಗೆ ಯಾವ ಕಡೆಗೆ ತಿರುಗಬೇಕು?

ಕಳೆದ ಶ್ರಾವಣದಲ್ಲಿ ರಾಯಚೂರಿನಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ. ಆತ ಅಲ್ಲಿ ಗಾಜು, ಕನ್ನಡಿಗಳ ಅಂಗಡಿ ನಡೆಸುತ್ತಾನೆ. ಅದೇ ವಾರ ದಪ್ಪ ಗಾಜಿಗೆ ರಂಧ್ರ ಹಾಕುವಾಗ ಎರಡು ಹಾಳೆಗಳು ಸೀಳಿಹೋಗಿ ನಷ್ಟವಾಗಿತ್ತಂತೆ. "ಸರ್, ಡ್ರಿಲ್ ಉಲ್ಟಾ ತಿರುಗಿಸಿದರ ಗಾಜು ಒಡೆಯೂದಿಲ್ಲ ಅಂತಾರ್ರಿ. ಖರೇ ಏನ್ರಿ? ನೀವು ಓದಿದವ್ರು, ಸ್ವಲ್ಪ ನೋಡಿ ಹೇಳ್ರಿ" ಎಂದ.

ನಾನು ಇತಿಹಾಸ ಕಲಿಸಿದವನು. ಯಂತ್ರಗಳ ವಿಷಯ ನನ್ನದಲ್ಲ. ಆದರೂ ಇಲ್ಲವೆನ್ನಲು ಬಾಯಿ ಬರಲಿಲ್ಲ. ಏಕೆಂದರೆ ಇದೇ ಹುಡುಗ ಬಹಳ ವರ್ಷಗಳ ಹಿಂದೆ ಹೆಚ್ಚುಕಡಿಮೆ ಇದೇ ಮಾತನ್ನು ನನ್ನೆದುರು ಎತ್ತಿದ್ದ. ಆಗ ನಾನು ಅವನನ್ನು ಗದರಿ ಕುಳ್ಳಿರಿಸಿದ್ದೆ.

ಆಗ ನಾನು ಮಲ್ಲಟದಲ್ಲಿದ್ದೆ. ಮಕ್ಕಳನ್ನು ಮಸ್ಕಿಗೆ ಕರೆದುಕೊಂಡು ಹೋಗಿದ್ದೆವು. ಮಸ್ಕಿಯೆಂದರೆ ನಮಗೆಲ್ಲ ಅಶೋಕನ ಶಾಸನದ ಊರು. ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ 1915ರಲ್ಲಿ ಅದನ್ನು ಕಂಡುಹಿಡಿದನು. ಅದುವರೆಗೆ ದೊರೆತಿದ್ದ ಶಾಸನಗಳಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದು ಮಾತ್ರ ಇತ್ತು. ಆ ಬಿರುದಿನ ಅರಸನು ಅಶೋಕನೇ ಎಂಬುದು ಹೆಸರು ಸಹಿತ ಖಚಿತವಾದದ್ದು ಮಸ್ಕಿಯಲ್ಲಿ. ಇದನ್ನು ನಾನು ಪ್ರತಿ ವರ್ಷವೂ ಉತ್ಸಾಹದಿಂದ ಹೇಳುತ್ತಿದ್ದೆ. ಆದರೆ ಮಸ್ಕಿಯ ಮಣ್ಣಿನಲ್ಲಿ ಶಾಸನಕ್ಕಿಂತ ಹಳೆಯ ಸಂಗತಿಗಳೂ ಇವೆ. ಭಾರತೀಯ ಪುರಾತತ್ತ್ವ ಇಲಾಖೆಯ ಪರವಾಗಿ ಬಿ. ಕೆ. ಥಾಪರ್ ಅವರು 1954ರಲ್ಲಿ ಅಲ್ಲಿ ಉತ್ಖನನ ನಡೆಸಿದರು. ನವಶಿಲಾಯುಗದ ನೆಲೆಯಿಂದ ಹಿಡಿದು ಬೃಹತ್ ಶಿಲಾ ಸಮಾಧಿಗಳ ಕಾಲ, ಆರಂಭಿಕ ಇತಿಹಾಸ ಕಾಲ, ಮಧ್ಯಯುಗದವರೆಗಿನ ಪದರಗಳು ಬೆಳಕಿಗೆ ಬಂದವು. ಅಲ್ಲಿ ಸಿಕ್ಕ ವಸ್ತುಗಳಲ್ಲಿ ಮಣಿಗಳೂ ಇವೆ: ಅಗೇಟ್ ಕಲ್ಲಿನವು, ಕಾರ್ನೀಲಿಯನ್ ಎಂಬ ಕೆಂಪು ಕಲ್ಲಿನವು, ಶಂಖದವು, ಗಾಜಿನವು.

ಅಂದು ಆ ಊರಿನ ಹುಡುಗನೊಬ್ಬ ಹೊಲದಲ್ಲಿ ಸಿಕ್ಕವೆಂದು ಎರಡು ಮಣಿಗಳನ್ನು ತಂದು ತೋರಿಸಿದ. ಒಂದು ಕೆಂಪು ಕಲ್ಲಿನದು. ಇನ್ನೊಂದು ಸಾಸಿವೆಗಿಂತ ತುಸು ದೊಡ್ಡದಾದ ಗಾಜಿನದು. ನಾನು ಅವೆರಡನ್ನೂ ಅಂಗೈಯಲ್ಲಿಟ್ಟುಕೊಂಡು, "ನೋಡಿರಿ, ಇವುಗಳಿಗೆ ಬೈರಿಗೆಯಿಂದ ತೂತು ಕೊರೆದಿದ್ದಾರೆ. ಬೈರಿಗೆ ಬಲಕ್ಕೆ ತಿರುಗುತ್ತ ಒಳಗಿಳಿಯುತ್ತದೆ" ಎಂದು ವಿವರಿಸಿದೆ. ಬಡಿಗೇರರ ಮನೆಯ ಈ ಹುಡುಗ ಎದ್ದು ನಿಂತು, "ಸರ್, ನಮ್ಮಪ್ಪಾರ ಬೈರಿಗಿ ಎರಡೂ ಕಡೆ ತಿರಗತೈತ್ರಿ" ಎಂದ. ಮಕ್ಕಳು ನಕ್ಕರು. ನನಗೆ ಅದು ತಲೆಹರಟೆಯಾಗಿ ಕಂಡಿತು. "ಕೂಡು" ಎಂದೆ. ಅವನು ಕುಳಿತ.

ಅಂದು ನಾನು ಹೇಳಿದ್ದರಲ್ಲಿ ಎರಡು ತಪ್ಪುಗಳಿದ್ದವು. ಅವನು ಹೇಳಿದ್ದರಲ್ಲಿ ಒಂದೂ ಇರಲಿಲ್ಲ. ಅವನ ದೂರವಾಣಿ ಬಂದ ಮೇಲೆ ಕುಳಿತು ಓದಿ, ತಿಳಿದವರನ್ನು ಕೇಳಿ, ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು ಕಲ್ಲಿನ ಮಣಿಯ ವಿಷಯ. ಹಳೆಯ ಬಡಿಗೇರರ ಬೈರಿಗೆಯನ್ನು ನೆನೆಸಿಕೊಳ್ಳಿರಿ. ನೆಟ್ಟಗಿನ ಕೋಲಿಗೆ ಹಗ್ಗ ಸುತ್ತಿ, ಆ ಹಗ್ಗವನ್ನು ಬಿಲ್ಲಿಗೆ ಕಟ್ಟಿ, ಬಿಲ್ಲನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾರೆ. ಬಿಲ್ಲು ಮುಂದೆ ಹೋದಾಗ ಕೋಲು ಬಲಸುತ್ತು ತಿರುಗಿದರೆ, ಹಿಂದೆ ಬಂದಾಗ ಎಡಸುತ್ತು ತಿರುಗುತ್ತದೆ. ಕಲ್ಲಿನ ಮಣಿ ಕೊರೆಯುವವರು ಸಾವಿರಾರು ವರ್ಷ ಬಳಸಿದ್ದು ಇದೇ ತತ್ತ್ವದ ಉಪಕರಣವನ್ನು. ಗುಜರಾತಿನ ಖಂಬಾತಿನಲ್ಲಿ ಅಗೇಟ್ ಮಣಿಗಳನ್ನು ಬಿಲ್ಲಿನ ಬೈರಿಗೆಯಿಂದ ಕೊರೆಯುವುದನ್ನು ವಿದ್ವಾಂಸರು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲೂ ಕಣ್ಣಾರೆ ಕಂಡು ದಾಖಲಿಸಿದ್ದಾರೆ. ಅಲ್ಲಿ ಕಬ್ಬಿಣದ ಕಡ್ಡಿಯ ತುದಿಯಲ್ಲಿ ವಜ್ರದ ಎರಡು ಸಣ್ಣ ಚೂರುಗಳನ್ನು ಕೂರಿಸಿರುತ್ತಾರೆ. ನೀರು ತೊಟ್ಟಿಕ್ಕಿಸುತ್ತ ಕೊರೆಯುತ್ತಾರೆ.

ಹರಪ್ಪಾ ನಾಗರಿಕತೆಯ ಜನರಿಗೆ ವಜ್ರದ ತುದಿ ಇರಲಿಲ್ಲ. ಅವರು ಗಡಸು ಕಲ್ಲಿನ ಕಡ್ಡಿಯಿಂದಲೇ ಕಾರ್ನೀಲಿಯನ್ನಿನ ಉದ್ದನೆಯ ಮಣಿಗಳನ್ನು ಕೊರೆದರು. ಆ ಕಲ್ಲಿಗೆ ವಿದ್ವಾಂಸರು ಅರ್ನೆಸ್ಟೈಟ್ ಎಂದು ಹೆಸರಿಟ್ಟಿದ್ದಾರೆ. ಚನ್ಹುದಾರೋ ನೆಲೆಯನ್ನು ಅಗೆಸಿದ ಅರ್ನೆಸ್ಟ್ ಮೆಕೆಯ ಸ್ಮರಣಾರ್ಥ. ಅಮೆರಿಕದ ವಿದ್ವಾಂಸ ಕೆನೋಯರ್ ಅವರು ಸ್ವತಃ ಅಂಥ ಕಡ್ಡಿಯಿಂದ ಕೊರೆದು ನೋಡಿದಾಗ ಒಂದು ತಾಸಿಗೆ ಇಳಿದದ್ದು ಸುಮಾರು ಎರಡೂವರೆ ಮಿಲಿಮೀಟರ್ ಮಾತ್ರ.

ಇಲ್ಲಿ ನಡೆಯುವುದು ಕತ್ತರಿಸುವ ಕೆಲಸವಲ್ಲ, ಸವೆಸುವ ಕೆಲಸ. ತೇಯುವ ಕಲ್ಲಿನ ಮೇಲೆ ಗಂಧದ ಕೊರಡನ್ನು ಬಲಕ್ಕೆ ತಿರುಗಿಸಿ ತೇದರೂ ಗಂಧ ಬರುತ್ತದೆ, ಎಡಕ್ಕೆ ತಿರುಗಿಸಿ ತೇದರೂ ಬರುತ್ತದೆ. ಸವೆಸುವ ಉಪಕರಣಕ್ಕೆ ದಿಕ್ಕಿನ ಹಂಗಿಲ್ಲ. ದಿಕ್ಕಿನ ಹಂಗು ಬಂದದ್ದು ಅಂಚಿನಿಂದ ಕತ್ತರಿಸುವ, ಒಂದೇ ಕಡೆಗೆ ತಿರುಗುವ ಬೈರಿಗೆಯಿಂದ. ಇಂದು ಎಲ್ಲರ ಮನೆಯಲ್ಲೂ ಇರುವ ಸುರುಳಿ ಬೈರಿಗೆಗೆ ಅಮೆರಿಕದ ಸ್ಟೀಫನ್ ಮೋರ್ಸ್ ಎಂಬಾತ 1863ರಲ್ಲಿ ಹಕ್ಕುಪತ್ರ ಪಡೆದನು. ಅದರ ಅಂಚು ಬಲಸುತ್ತಿನಲ್ಲಿ ಕತ್ತರಿಸುತ್ತದೆ. ಸುರುಳಿಯ ಗಾಡಿಯು ಸಿಪ್ಪೆಯನ್ನು ಹೊರಗೆ ತಳ್ಳುತ್ತದೆ. ಎಡಸುತ್ತು ತಿರುಗಿಸಿದರೆ ಅಂಚಿನ ಬೆನ್ನು ಸುಮ್ಮನೆ ಉಜ್ಜುತ್ತದೆ. ನಾನು ಈ ಹೊಸ ಬೈರಿಗೆಯ ನಿಯಮವನ್ನು ಎರಡು ಸಾವಿರ ವರ್ಷ ಹಿಂದಕ್ಕೆ ಒಯ್ದು ಮಸ್ಕಿಯ ಮಣಿಗೆ ಅಂಟಿಸಿದ್ದೆ. ಕಣ್ಣೆದುರಿಗಿನ ಬಡಿಗೇರರ ಅಂಗಳವನ್ನು ಮಾತ್ರ ನೋಡಿರಲಿಲ್ಲ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಪ್ರಾಚೀನ ಕಾಲದ ಆ ಬಗೆಯ ಸಣ್ಣ ಗಾಜಿನ ಮಣಿಗಳಿಗೆ ಸಾಮಾನ್ಯವಾಗಿ ಯಾರೂ ತೂತು ಕೊರೆಯುತ್ತಿರಲಿಲ್ಲ. ತೂತು ಹುಟ್ಟುವಾಗಲೇ ಇರುತ್ತಿತ್ತು! ಕರಗಿದ ಗಾಜಿನ ಮುದ್ದೆಯ ನಡುವೆ ಪೊಳ್ಳು ಮಾಡಿ, ಅದನ್ನು ಶಾವಿಗೆಯಂತೆ ಉದ್ದಕ್ಕೆ ಎಳೆದರೆ ಸಪೂರವಾದ ಕೊಳವೆಯಾಗುತ್ತದೆ. ಗಾಜು ಎಷ್ಟು ಸಪೂರವಾದರೂ ನಡುವಿನ ಪೊಳ್ಳು ಉಳಿದೇ ಇರುತ್ತದೆ. ತಣಿದ ಮೇಲೆ ಕೊಳವೆಯನ್ನು ತುಣುಕು ತುಣುಕಾಗಿ ಕತ್ತರಿಸಿ, ಮತ್ತೆ ಬಿಸಿಮಾಡಿ ಚೂಪು ಅಂಚುಗಳನ್ನು ನಯಗೊಳಿಸಿದರೆ ನೂರಾರು ಮಣಿಗಳು. ಪುದುಚೇರಿಯ ಬಳಿಯ ಅರಿಕಮೇಡು ಇಂಥ ಮಣಿಗಳಿಗೆ ಹೆಸರಾದ ಪ್ರಾಚೀನ ಕೇಂದ್ರ. ಆಂಧ್ರದ ಪಾಪನಾಯುಡುಪೇಟೆಯಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲೂ ಈ ವಿದ್ಯೆ ಉಳಿದಿದ್ದುದನ್ನು ಪೀಟರ್ ಫ್ರಾನ್ಸಿಸ್ ಮೊದಲಾದವರು ಬರೆದಿಟ್ಟಿದ್ದಾರೆ. ಇನ್ನೊಂದು ವಿಧಾನವೆಂದರೆ, ಮೆತ್ತಗಾದ ಗಾಜನ್ನು ಕಬ್ಬಿಣದ ಕಡ್ಡಿಗೆ ಸುತ್ತಿ, ತಣಿದ ಮೇಲೆ ಕಡ್ಡಿಯನ್ನು ಹೊರಗೆಳೆಯುವುದು.

ಭೂತಗನ್ನಡಿ ಇದ್ದರೆ ಇದನ್ನು ಶಾಲೆಯ ಮಗುವೂ ಗುರುತಿಸಬಹುದು. ಎಳೆದು ಮಾಡಿದ ಮಣಿಯೊಳಗಿನ ಗಾಳಿಗುಳ್ಳೆಗಳು ತೂತಿನ ಉದ್ದಕ್ಕೆ ನೀಳವಾಗಿರುತ್ತವೆ. ಸುತ್ತಿ ಮಾಡಿದ್ದರಲ್ಲಿ ಗುಳ್ಳೆಗಳೂ ಗೆರೆಗಳೂ ತೂತಿನ ಸುತ್ತ ಬಳಸಿಕೊಂಡಿರುತ್ತವೆ. ಕಲ್ಲಿನ ಮಣಿಯನ್ನು ಎರಡೂ ತುದಿಗಳಿಂದ ಕೊರೆದು ನಡುವೆ ಕೂಡಿಸಿದ್ದರೆ, ಕೂಡಿದ ಕಡೆ ಸಣ್ಣದೊಂದು ಮೆಟ್ಟಿಲು ಉಳಿದಿರುತ್ತದೆ. ಅಂದು ನನ್ನ ಅಂಗೈಯಲ್ಲಿದ್ದ ಎರಡು ಮಣಿಗಳು ಎರಡು ಬೇರೆ ಬೇರೆ ವಿದ್ಯೆಗಳ ಸಾಕ್ಷಿಗಳಾಗಿದ್ದವು. ನಾನು ಎರಡನ್ನೂ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟೆ.

ಗಾಜನ್ನು ಕೊರೆಯುವ ಗೋಜಿಗೆ ಹಿಂದಿನವರು ಹೋಗದಿರಲು ಕಾರಣವೂ ಇದೆ. ಗಾಜು ಕಾರ್ನೀಲಿಯನ್ನಿಗಿಂತ ಮೆದುವೇ. ಮೋಸ್ ಗಡಸುತನದ ಅಳತೆಯಲ್ಲಿ ಕಾರ್ನೀಲಿಯನ್ ಸುಮಾರು 7, ಗಾಜು ಸುಮಾರು 5.5, ವಜ್ರ 10. ಆದರೆ ಗಾಜು ಬಾಗಲಾರದು. ಒಂದೆಡೆ ಸಣ್ಣ ಸೀಳು ಬಿದ್ದರೆ ಅದು ಓಡುತ್ತದೆ. ಬಿಸಿಯಾದ ಜಾಗ ಹಿಗ್ಗುತ್ತದೆ, ಪಕ್ಕದ ತಣ್ಣನೆಯ ಭಾಗ ಹಿಗ್ಗುವುದಿಲ್ಲ, ಅಲ್ಲಿಯೂ ಸೀಳು. ನಮ್ಮ ಸೀಮೆಯ ಲಂಬಾಣಿ ಹೆಣ್ಣುಮಕ್ಕಳ ಉಡುಪಿನ ಕನ್ನಡಿ ಬಿಲ್ಲೆಗಳನ್ನು ನೋಡಿರಿ. ಒಂದಕ್ಕೂ ತೂತಿಲ್ಲ. ಬಿಲ್ಲೆಯ ಅಂಚನ್ನು ದಾರದ ಚೌಕಟ್ಟಿನಿಂದ ಬಿಗಿದು ಬಟ್ಟೆಗೆ ಹೊಲಿದಿರುತ್ತಾರೆ.

ಇನ್ನು ಅಂಗಡಿಯವನ ಪ್ರಶ್ನೆಗೆ ಉತ್ತರ. ಈಟಿಯ ಮೊನೆಯಂಥ ಕಾರ್ಬೈಡ್ ಬಿಟ್ ಆದರೆ ಅದಕ್ಕೆ ಅಂಚಿದೆ, ಬಲಸುತ್ತೇ ಸರಿ. ಎಡಸುತ್ತಿನಲ್ಲಿ ಅದು ಕಚ್ಚುವುದಿಲ್ಲ. ಕಚ್ಚದ ಕಾರಣ ಆರಂಭದಲ್ಲಿ ಚಕ್ಕೆ ಏಳದಂತೆ ತೋರುತ್ತದೆ. ಉಲ್ಟಾ ತಿರುಗಿಸಬೇಕೆಂಬ ಮಾತು ಇಲ್ಲಿಂದ ಹುಟ್ಟಿರಬೇಕು. ಆದರೆ ಸುಮ್ಮನೆ ಉಜ್ಜುತ್ತ ಹೋದರೆ ಬಿಸಿ ಏರುತ್ತದೆ. ಗಾಜಿಗೆ ಅದೇ ಶತ್ರು. ವಜ್ರದ ಪುಡಿ ಅಂಟಿಸಿದ ಕೊಳವೆಯಂಥ ಬಿಟ್ ಆದರೆ ಅದು ಸವೆಸುವಂಥದು. ದಿಕ್ಕು ಯಾವುದಾದರೂ ಕೊರೆತ ಒಂದೇ. ಗಾಜನ್ನು ಉಳಿಸುವುದು ಬೇರೆ ಸಂಗತಿಗಳು: ನಿಧಾನ ವೇಗ, ಹಗುರ ಒತ್ತು, ನಿರಂತರ ನೀರು, ಅಡಿಯಲ್ಲಿ ಸಮನಾದ ಹಲಗೆ, ಅಂಚಿನಿಂದ ಸಾಕಷ್ಟು ದೂರ. ಮೊನೆ ಆಚೆ ಬದಿಗೆ ಹೊರಬೀಳುವಾಗ ಒತ್ತು ಇನ್ನೂ ತಗ್ಗಬೇಕು, ಇಲ್ಲವೇ ಮಣಿ ಮಾಡುವವರಂತೆ ಎರಡೂ ಬದಿಗಳಿಂದ ಕೊರೆದು ನಡುವೆ ಕೂಡಿಸಬೇಕು. ಟಫನ್ ಮಾಡಿದ ಗಾಜನ್ನು ಮಾತ್ರ ಮುಟ್ಟಲೇಬಾರದು. ಅದಕ್ಕೆ ತೂತು ಮೊದಲೇ ಹಾಕಿ ಆಮೇಲೆ ಕಾಯಿಸಿರಬೇಕು.

ಇಷ್ಟನ್ನೂ ಅವನಿಗೆ ದೂರವಾಣಿಯಲ್ಲಿ ಹೇಳಿದೆ. ಬಳಿಕ ಮಸ್ಕಿಯ ಸಂಗತಿಯನ್ನೂ ತೆಗೆದೆ. "ಅಂದು ನೀನು ಹೇಳಿದ್ದೇ ಸರಿಯಪ್ಪಾ, ತಪ್ಪು ನನ್ನದು" ಎಂದೆ. ಅತ್ತ ಸ್ವಲ್ಪ ಹೊತ್ತು ಮೌನ. "ನೆನಪೈತ್ರಿ ಸರ್. ಆಮ್ಯಾಲೆ ನಾ ಕ್ಲಾಸಿನ್ಯಾಗ ಏನೂ ಕೇಳಲೇ ಇಲ್ರಿ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಮಾತ್ರ ಆ ರಾತ್ರಿ ನಿದ್ರೆ ಬರಲಿಲ್ಲ.

ಅಂದು ಆ ತಂಡದಲ್ಲಿದ್ದ ಉಳಿದವರೂ ಇದನ್ನು ಓದುತ್ತೀರೆಂದು ಬಲ್ಲೆ. ನಿಮ್ಮಲ್ಲಿ ಕೆಲವರು ಈಗ ಶಿಕ್ಷಕರಾಗಿದ್ದೀರಿ. ನಾನು ಹೇಳಿಕೊಟ್ಟ ಆ ಮಾತನ್ನು ನಿಮ್ಮ ಮಕ್ಕಳಿಗೆ ದಾಟಿಸಿದ್ದರೆ ದಯವಿಟ್ಟು ತಿದ್ದಿರಿ. ಮತ್ತು ನಿಮ್ಮ ತರಗತಿಯಲ್ಲಿ ಯಾವನಾದರೂ ಹುಡುಗ ಎದ್ದು "ನಮ್ಮಪ್ಪಾರು ಹೀಂಗ ಮಾಡತಾರ್ರಿ" ಎಂದರೆ, ಅವನನ್ನು ಕುಳ್ಳಿರಿಸಬೇಡಿರಿ.