ಗಣಕಯಂತ್ರದ ತಿರುಳಿನಲ್ಲಿ ಕಗ್ಗಂಟು: ಅದರ ನಿದಾನ, ಅದರ ಪರಿಹಾರ

೧

ಧಾರವಾಡ ಜಿಲ್ಲೆಯ ನವಲಗುಂದ ಅಣ್ಣಿಗೇರಿಗಳ ಸೀಮೆಗೆ ಸೇರಿದ ಶಲವಡಿಯು ಎರೆನೆಲದ ಊರು. ಎರೆಯಲ್ಲಿ ಹಿಂಗಾರಿಯ ಬಿತ್ತನೆಗೆ ಹದವೇ ಪ್ರಮಾಣ. ಮಳೆ ಹಿಂದೆಗೆದು ನೆಲವು ಕಾಲಿಗಂಟದಷ್ಟು ಆರಿದ ಮೇಲೆ, ಆದರೆ ಒಳಗಣ ತೇವವು ಬೀಜದ ಆಳವನ್ನು ಬಿಟ್ಟು ಕೆಳಗಿಳಿಯುವುದಕ್ಕೆ ಮುಂಚೆ, ಜೋಳವಾಗಲಿ ಕಡಲೆಯಾಗಲಿ ಕೂರಿಗೆಯಿಂದ ನೆಲಕ್ಕೆ ಬೀಳಬೇಕು. ಇಂಥ ಊರಿನಲ್ಲಿ ಎತ್ತುಗಳನ್ನೂ ಕೂರಿಗೆಯನ್ನೂ ಕಡ ತಂದೇ ಬಿತ್ತಬೇಕಾದ ಇಬ್ಬರು ಒಕ್ಕಲಿಗರನ್ನು ಕಲ್ಪಿಸಿಕೊಳ್ಳಬಹುದು. ಆ ದಿನ ಕಡ ದೊರೆಯುವುದು ಒಂದೇ ಜೋಡಿ ಎತ್ತು, ಒಂದೇ ಕೂರಿಗೆ. ಒಬ್ಬನು ಮೊದಲು ಎತ್ತುಗಳನ್ನು ತಂದು ಕಟ್ಟಿಕೊಂಡು ಕೂರಿಗೆಗಾಗಿ ಕಾಯುತ್ತಾನೆ. ಮತ್ತೊಬ್ಬನು ಮೊದಲು ಕೂರಿಗೆಯನ್ನು ತಂದಿಟ್ಟುಕೊಂಡು ಎತ್ತುಗಳಿಗಾಗಿ ಕಾಯುತ್ತಾನೆ. ಕೈಗೆ ಬಂದುದನ್ನು ಇಬ್ಬರೂ ಬಿಡರು; ಇಬ್ಬರ ಬೇಡಿಕೆಯೂ ನ್ಯಾಯವಾದುದೇ. ಹೀಗಿರಲು ಹದವು ಹೋಗುತ್ತದೆ, ಹೊಲವು ಬಿತ್ತದೆ ಉಳಿಯುತ್ತದೆ.

ಗಣಕಯಂತ್ರದ ಒಳಾಡಳಿತವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಯಲ್ಲಿಯೂ ಇದೇ ಸ್ಥಿತಿ ಒದಗುವುದುಂಟು. ಎಳೆದಷ್ಟೂ ಬಿಗಿಯುವ ಗಂಟಾದುದರಿಂದ ಇದನ್ನು ಕಗ್ಗಂಟೆಂದು ಕರೆಯುವುದು ಉಚಿತ. ತರ್ಕಶಾಸ್ತ್ರವನ್ನು ಬಲ್ಲವರಿಗೆ ಇದರ ಆಕಾರ ಹೊಸದಲ್ಲ. ಒಂದು ಸಂಗತಿಯು ತನ್ನ ಸಿದ್ಧಿಗೆ ತನ್ನನ್ನೇ ಆಶ್ರಯಿಸಿದರೆ ಅದು ಆತ್ಮಾಶ್ರಯ. ಎರಡು ಸಂಗತಿಗಳು ಒಂದನ್ನೊಂದು ಆಶ್ರಯಿಸಿದರೆ ಅನ್ಯೋನ್ಯಾಶ್ರಯ. ಮೂರು ಅಥವಾ ಹೆಚ್ಚಿನವು ಸುತ್ತುಗಟ್ಟಿದರೆ ಚಕ್ರಕ. ತಾರ್ಕಿಕನು ವಾದದಲ್ಲಿ ಕಂಡ ಈ ಮೂರು ದೋಷಗಳನ್ನೂ ಯಂತ್ರಶಾಸ್ತ್ರಜ್ಞನು ಕಾಯುವಿಕೆಯಲ್ಲಿ ಕಂಡನು. ಈ ದೋಷವು ಲಿನಕ್ಸ್ ಎಂಬ ವ್ಯವಸ್ಥೆಯ ತಿರುಳಿನ ಒಂದು ಭಾಗದಲ್ಲಿ ಹೇಗೆ ತಲೆದೋರಿತು, ಬೆಂಗಳೂರಿನಲ್ಲಿ ಕೆಲಸಮಾಡಿದ ತಜ್ಞರು ಅದನ್ನು ಹೇಗೆ ಬಿಡಿಸಿದರು, ಮತ್ತು ಒಂದು ಪರಿಹಾರವೇ ಮುಂದಣ ದೋಷವನ್ನು ಹೇಗೆ ಮರೆಮಾಡಿತ್ತು ಎಂಬುದರ ವಿವೇಚನೆಯೇ ಈ ಲೇಖನದ ವಿಷಯ.

೨

ಈ ದೋಷದ ಶಾಸ್ತ್ರೀಯ ವಿಚಾರಕ್ಕೆ ತಳಹದಿ ಹಾಕಿದವರಲ್ಲಿ ಹಾಲೆಂಡಿನ ಎಡ್ಸ್‌ಖರ್ ಡೈಕ್‌ಸ್ಟ್ರನು ಮುಖ್ಯನು. ಐಂಡ್ಹೋವನ್ನಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದ ಆತನು ೧೯೬೫ರಲ್ಲಿ, ಪರಸ್ಪರ ಸಹಕರಿಸುವ ಕಾರ್ಯಗಳನ್ನು ಕುರಿತು ಬರೆದ ಪ್ರಬಂಧದಲ್ಲಿ ಇದನ್ನು ಮಾರಣಾಂತಿಕವಾದ ಆಲಿಂಗನವೆಂದು ವರ್ಣಿಸಿದನು. ಕನ್ನಡ ಓದುಗರಿಗೆ ಇಲ್ಲಿ ಧೃತರಾಷ್ಟ್ರಾಲಿಂಗನದ ನೆನಪಾಗುವುದು ಸಹಜವೇ. ಆದರೆ ಎರಡಕ್ಕೂ ಭೇದವುಂಟು. ಧೃತರಾಷ್ಟ್ರನ ತೋಳಿನಲ್ಲಿ ಕೊಲ್ಲುವ ಸಂಕಲ್ಪವಿತ್ತು. ಇಲ್ಲಿ ಯಾರಲ್ಲಿಯೂ ದುರುದ್ದೇಶವಿಲ್ಲ. ಪ್ರತಿಯೊಂದು ಕಾರ್ಯವೂ ತನ್ನ ಮಟ್ಟಿಗೆ ಸರಿಯಾಗಿಯೇ ನಡೆಯುತ್ತಿದ್ದು, ಎಲ್ಲವೂ ಕೂಡಿ ನಿಂತುಹೋಗುತ್ತವೆ.

ಒಂದು ವಸ್ತುವನ್ನು ಏಕಕಾಲದಲ್ಲಿ ಒಬ್ಬನೇ ಬಳಸಬೇಕೆಂಬ ನಿಯಮಕ್ಕಾಗಿ ಡೈಕ್‌ಸ್ಟ್ರನು ಕಲ್ಪಿಸಿದ ಸಾಧನಕ್ಕೆ ರೈಲುದಾರಿಯ ಕೈಮರದ ಹೆಸರನ್ನೇ, ಅಂದರೆ ಸೆಮಫೋರ್ ಎಂಬುದನ್ನೇ, ಇಟ್ಟನು. ಹುಬ್ಬಳ್ಳಿಯಿಂದ ಅಣ್ಣಿಗೇರಿಯ ಮೇಲೆ ಗದಗಿಗೆ ಹೋಗುವ ದಾರಿಯು ಬಹುಕಾಲ ಒಂಟಿಹಳಿಯದಾಗಿತ್ತು. ಒಂಟಿಹಳಿಯ ಒಂದು ತುಂಡಿನೊಳಗೆ ಎರಡು ಗಾಡಿಗಳು ಎದುರುಬದುರಾಗಿ ನುಗ್ಗದಂತೆ ತಡೆಯುವುದೇ ಕೈಮರದ ಕೆಲಸ. ಗಣಕಯಂತ್ರದಲ್ಲಿ ಆ ಕೆಲಸವನ್ನು ಮಾಡುವ ಸಾಧನಗಳಿಗೆ ಸಾಮಾನ್ಯವಾಗಿ ಬೀಗಗಳೆಂದು ಹೆಸರು. ಆದರೆ ಡಿಕ್ಕಿಯನ್ನು ತಪ್ಪಿಸುವ ಈ ಉಪಾಯದಲ್ಲಿಯೇ ಕಗ್ಗಂಟಿನ ಬೀಜವೂ ಅಡಗಿದೆ. ತನ್ನ ತುಂಡನ್ನು ಬಿಡದೆ ಮುಂದಣ ತುಂಡಿಗಾಗಿ ಕಾಯುವ ಎರಡು ಗಾಡಿಗಳು ಡಿಕ್ಕಿ ಹೊಡೆಯಲಾರವು, ನಿಜ. ಆದರೆ ಊರನ್ನೂ ಸೇರಲಾರವು.

೧೯೭೧ರಲ್ಲಿ ಕಾಫ್‌ಮನ್, ಎಲ್ಫಿಕ್ ಮತ್ತು ಶೋಶಾನಿ ಎಂಬ ಮೂವರು ಕಗ್ಗಂಟಿಗೆ ನಾಲ್ಕು ಲಕ್ಷಣಗಳನ್ನು ನಿರೂಪಿಸಿದರು. ಶಲವಡಿಯ ದೃಷ್ಟಾಂತದಲ್ಲಿ ನಾಲ್ಕೂ ಕಾಣುತ್ತವೆ. ಮೊದಲನೆಯದು, ವಸ್ತುವು ಒಂದು ಸಲಕ್ಕೆ ಒಬ್ಬನಿಗೇ ಸಲ್ಲುವುದು: ಒಂದು ಕೂರಿಗೆ ಎರಡು ಹೊಲಗಳಲ್ಲಿ ಒಟ್ಟಿಗೆ ನಡೆಯದು. ಎರಡನೆಯದು, ಒಂದನ್ನು ಹಿಡಿದುಕೊಂಡೇ ಇನ್ನೊಂದಕ್ಕಾಗಿ ಕಾಯುವುದು. ಮೂರನೆಯದು, ಹಿಡಿದವನಿಂದ ಬಲಾತ್ಕಾರವಾಗಿ ಕಸಿಯಲಾಗದಿರುವುದು. ನಾಲ್ಕನೆಯದು, ಕಾಯುವಿಕೆಯು ಚಕ್ರಾಕಾರವಾಗುವುದು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಕಗ್ಗಂಟಾಗದು. ಇವುಗಳಲ್ಲಿ ಯಾವುದನ್ನು ತಪ್ಪಿಸುವುದು ಸುಲಭವೆಂಬ ಪ್ರಶ್ನೆಗೆ ಐಬಿಎಂ ಸಂಸ್ಥೆಯ ಹ್ಯಾವೆಂಡರನು ೧೯೬೮ರಲ್ಲಿಯೇ ಒಂದು ಉತ್ತರವನ್ನು ಪ್ರಕಟಿಸಿದ್ದನು: ವಸ್ತುಗಳಿಗೆಲ್ಲ ಒಂದು ಕ್ರಮವನ್ನು ಕಟ್ಟಿ, ಎಲ್ಲರೂ ಆ ಕ್ರಮದಲ್ಲಿಯೇ ಅವನ್ನು ಪಡೆಯತಕ್ಕದ್ದು. ಮೊದಲು ಎತ್ತು, ಆಮೇಲೆ ಕೂರಿಗೆ ಎಂದು ಊರಿಗೆಲ್ಲ ಒಂದೇ ಕಟ್ಟಳೆಯಾದರೆ, ಎತ್ತು ಸಿಗದವನು ಕೂರಿಗೆಯನ್ನು ಮುಟ್ಟುವುದೇ ಇಲ್ಲ. ಚಕ್ರವು ಮುಚ್ಚಿಕೊಳ್ಳುವುದೇ ಇಲ್ಲ.

೩

ಕಾರ್ಯಾಚರಣ ವ್ಯವಸ್ಥೆಯ ಒಳಗಣ ಭಾಗಕ್ಕೆ ಕರ್ನೆಲ್ ಎಂದು ಹೆಸರು; ತಿರುಳು ಎಂದರೂ ಸಲ್ಲುತ್ತದೆ. ಸ್ಮೃತಿಯನ್ನು ಹಂಚುವುದು, ಕಾರ್ಯಗಳಿಗೆ ಸರದಿ ಕೊಡುವುದು, ಪ್ರೊಸೆಸರುಗಳನ್ನು ಆಳುವುದು ಇವೆಲ್ಲ ತಿರುಳಿನ ಅಧಿಕಾರ. ಹೊರಗಣ ಒಂದು ಕಾರ್ಯ ನಿಂತರೆ ತಿರುಳು ಅದನ್ನು ತೆಗೆದುಹಾಕಬಲ್ಲದು. ತಿರುಳಿನಲ್ಲಿಯೇ ಗಂಟು ಬಿದ್ದರೆ ಬಿಡಿಸುವವರು ಅದರ ಮೇಲೆ ಯಾರೂ ಇಲ್ಲ. ಆಸ್ಪತ್ರೆಯ ದಾಖಲೆಯಾಗಲಿ ಬ್ಯಾಂಕಿನ ಲೆಕ್ಕವಾಗಲಿ ಆ ಯಂತ್ರದಲ್ಲಿದ್ದರೆ, ಯಂತ್ರವನ್ನು ಆರಿಸಿ ಮತ್ತೆ ಹಚ್ಚುವುದೊಂದೇ ಗತಿಯಾಗಬಹುದು.

ಫಿನ್ಲೆಂಡಿನ ಲೀನಸ್ ಟೊರ್ವಾಲ್ಡ್ಸನು ೧೯೯೧ರಲ್ಲಿ ಪ್ರಾರಂಭಿಸಿದ ಲಿನಕ್ಸ್ ತಿರುಳು, ೧೯೯೬ರ ೨.೦ನೆಯ ಆವೃತ್ತಿಯಲ್ಲಿ ಅನೇಕ ಪ್ರೊಸೆಸರುಗಳುಳ್ಳ ಯಂತ್ರಗಳಲ್ಲಿ ನಡೆಯುವ ಶಕ್ತಿಯನ್ನು ಪಡೆಯಿತು. ಆಗ ಇಡೀ ತಿರುಳಿಗೆ ಒಂದೇ ಹೆಬ್ಬೀಗ. ಬೀಗ ಒಂದೇ ಆದಲ್ಲಿ ಕ್ರಮದ ಪ್ರಶ್ನೆಯೇ ಏಳದು. ಆದರೆ ಒಬ್ಬನು ಒಳಗಿರುವಾಗ ಉಳಿದವರೆಲ್ಲರೂ ಬಾಗಿಲಲ್ಲಿ ನಿಲ್ಲಬೇಕು. ವೇಗಕ್ಕಾಗಿ ಹೆಬ್ಬೀಗವನ್ನು ಒಡೆದು ಚಿಕ್ಕ ಚಿಕ್ಕ ಬೀಗಗಳನ್ನು ಮಾಡುತ್ತ ಬಂದು, ೨೦೧೧ರಲ್ಲಿ ಅದನ್ನು ಸಂಪೂರ್ಣವಾಗಿ ತೆಗೆದುಹಾಕಿದರು. ಬೀಗಗಳು ಹೆಚ್ಚಿದಂತೆ ಕ್ರಮಭಂಗದ ಅವಕಾಶಗಳೂ ಹೆಚ್ಚಿದುವು.

೪

ಯಂತ್ರವು ನಡೆಯುತ್ತಿರುವಾಗಲೇ ಒಂದು ಪ್ರೊಸೆಸರನ್ನು ಕೆಲಸದಿಂದ ಬಿಡಿಸುವ, ಮರಳಿ ಸೇರಿಸುವ ಏರ್ಪಾಡು ೨೦೦೪ರ ಹೊತ್ತಿಗೆ ಲಿನಕ್ಸಿನಲ್ಲಿ ನೆಲೆಗೊಂಡಿತು. ಯಂತ್ರವನ್ನು ನಿದ್ರೆಗೆ ಕಳುಹಿಸುವಾಗಲೂ ಇದೇ ಏರ್ಪಾಡು ಬೇಕು. ಆದರೆ ತಿರುಳಿನ ಅನೇಕ ಭಾಗಗಳು ಪ್ರೊಸೆಸರುಗಳ ಪಟ್ಟಿಯನ್ನು ಒಂದೊಂದಾಗಿ ಎಣಿಸುತ್ತ ಕೆಲಸಮಾಡುತ್ತವೆ. ಎಣಿಕೆಯ ನಡುವೆ ಒಂದು ಮಾಯವಾದರೆ ಅನರ್ಥ. ಆದುದರಿಂದ ಎಣಿಸುವವರು ಪಟ್ಟಿಗೆ ಬೀಗ ಹಾಕಿಕೊಳ್ಳಬೇಕೆಂದಾಯಿತು.

ಇಲ್ಲಿ ಮೊದಲು ಕಂಡುದು ಆತ್ಮಾಶ್ರಯ. ಪ್ರೊಸೆಸರಿನ ವೇಗವನ್ನು ನಿಯಂತ್ರಿಸುವ ಭಾಗವು ಪಟ್ಟಿಯ ಬೀಗವನ್ನು ಹಿಡಿದುಕೊಂಡು ಬೇರೊಂದು ಕ್ರಿಯೆಯನ್ನು ಕರೆಯುತ್ತಿತ್ತು. ಆ ಕ್ರಿಯೆಯೂ ಅದೇ ಬೀಗವನ್ನು ಕೇಳುತ್ತಿತ್ತು. ತನ್ನ ಕೈಯಲ್ಲಿರುವುದಕ್ಕೆ ತಾನೇ ಕಾಯುವ ಸ್ಥಿತಿ. ೨೦೦೬ರಲ್ಲಿ ಇದಕ್ಕೊಂದು ತಾತ್ಕಾಲಿಕ ಉಪಾಯವನ್ನು ಮಾಡಿದರು: ಬೀಗ ಹಿಡಿದವನೇ ಮತ್ತೆ ಕೇಳಿದರೆ ಬಿಡತಕ್ಕದ್ದು, ಆದರೆ ಬುದ್ಧಿಯು ಉಗುರುಬೆಚ್ಚಗಿದೆ ಎಂಬ ಅರ್ಥದ ಒಂದು ಎಚ್ಚರಿಕೆಯನ್ನು ಹತ್ತು ಸಲದವರೆಗೆ ಯಂತ್ರದ ದಿನಚರಿಯಲ್ಲಿ ಬರೆಯತಕ್ಕದ್ದು. ಪರಿಹಾರವನ್ನು ಬರೆದವರಿಗೇ ಅದರಲ್ಲಿ ತೃಪ್ತಿಯಿರಲಿಲ್ಲವೆಂಬುದಕ್ಕೆ ಈ ಪರಿಹಾಸವೇ ಸಾಕ್ಷಿ.

ಐಬಿಎಂ ಸಂಸ್ಥೆಯ ಬೆಂಗಳೂರಿನ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಗೌತಮ್ ಆರ್. ಶೆಣೈಯವರು ೨೦೦೮ರ ಜನವರಿಯಲ್ಲಿ ಈ ಏರ್ಪಾಡನ್ನು ಬೇರಿನಿಂದ ಬದಲಾಯಿಸಿದರು. ಅವರ ತಿದ್ದುಪಡಿಯಲ್ಲಿ ಎಣಿಸುವವರು ಬೀಗವನ್ನು ಹಿಡಿದು ಕುಳಿತಿರುವುದಿಲ್ಲ. ಒಂದು ಲೆಕ್ಕದಲ್ಲಿ ತಮ್ಮ ಹಾಜರಿಯನ್ನು ಒಂದರಿಂದ ಏರಿಸಿ, ಕೆಲಸ ಮುಗಿದ ಮೇಲೆ ಇಳಿಸುತ್ತಾರೆ. ಪ್ರೊಸೆಸರನ್ನು ತೆಗೆಯುವವನು ಲೆಕ್ಕವು ಸೊನ್ನೆಗೆ ಇಳಿಯುವವರೆಗೆ ಕಾಯಬೇಕು. ಎಣಿಸುವವರು ಎಷ್ಟು ಮಂದಿಯಾದರೂ ಒಟ್ಟಿಗೆ ಇರಬಹುದು. ಒಬ್ಬನೇ ಎರಡು ಸಲ ಬಂದರೂ ಲೆಕ್ಕವು ಎರಡಾಗುವುದಷ್ಟೆ. ೨.೬.೨೫ನೆಯ ಆವೃತ್ತಿಯಲ್ಲಿ ಸೇರಿದ ಈ ಏರ್ಪಾಡಿನಿಂದ ಆತ್ಮಾಶ್ರಯವು ಬಹುಮಟ್ಟಿಗೆ ನೀಗಿತು.

ಅನ್ಯೋನ್ಯಾಶ್ರಯವು ಮಾತ್ರ ಇನ್ನೊಂದು ಮೂಲೆಯಲ್ಲಿ ಉಳಿದಿತ್ತು. ತಿರುಳಿನ ಒಂದು ಭಾಗವು ಇರುವ ಪ್ರೊಸೆಸರುಗಳನ್ನೆಲ್ಲ ಸಿದ್ಧಗೊಳಿಸಿ, ಮುಂದೆ ಹೊಸದು ಬಂದರೆ ತನಗೆ ತಿಳಿಸಬೇಕೆಂದು ಹೆಸರು ನೋಂದಿಸಬೇಕಾಗುತ್ತದೆ. ಎರಡರ ನಡುವೆ ಬಿಡುವಿದ್ದರೆ ಆ ಬಿಡುವಿನಲ್ಲಿ ಬಂದ ಪ್ರೊಸೆಸರು ಯಾರ ಲೆಕ್ಕಕ್ಕೂ ಸಿಗದೆ ಹೋಗಬಹುದು. ಆದುದರಿಂದ ಪಟ್ಟಿಯನ್ನು ಹಿಡಿದುಕೊಂಡೇ ನೋಂದಣಿಯನ್ನು ಮಾಡುತ್ತಿದ್ದರು. ನೋಂದಣಿಗೆ ಬೇರೊಂದು ಬೀಗವಿತ್ತು. ಹೀಗೆ ಇವರ ಕ್ರಮವು ಮೊದಲು ಪಟ್ಟಿ, ಆಮೇಲೆ ನೋಂದಣಿ. ಪ್ರೊಸೆಸರನ್ನು ಸೇರಿಸುವ ಬಿಡಿಸುವ ಕ್ರಿಯೆಯ ಕ್ರಮವಾದರೋ ಮೊದಲು ನೋಂದಣಿ, ಆಮೇಲೆ ಪಟ್ಟಿ. ಎರಡೂ ಒಂದೇ ಗಳಿಗೆಯಲ್ಲಿ ನಡೆದರೆ, ಎತ್ತು ಹಿಡಿದವನೂ ಕೂರಿಗೆ ಹಿಡಿದವನೂ ಎದುರುಬದುರಾದಂತೆಯೇ.

ಅದೇ ಕೇಂದ್ರದ ಶ್ರೀವತ್ಸ ಎಸ್. ಭಟ್ಟರು ೨೦೧೪ರ ಮಾರ್ಚಿಯಲ್ಲಿ ಈ ಕಗ್ಗಂಟನ್ನು ಎರಡು ಸಾಲುಗಳ ಚಿತ್ರದಲ್ಲಿ ಬಿಡಿಸಿ ತೋರಿಸಿ, ಪರಿಹಾರವನ್ನೂ ಸೂಚಿಸಿದರು. ಅವರು ಹೊಸ ಬೀಗವನ್ನು ತರಲಿಲ್ಲ. ಪ್ರೊಸೆಸರನ್ನು ತೆಗೆಯುವವನು ಮೊದಲು ಹಿಡಿಯುವುದು ನೋಂದಣಿಯ ಬೀಗವನ್ನೇ. ಹಾಗಿರಲು ನೋಂದಿಸುವವನೂ ಅದನ್ನೇ ಮೊದಲು ಹಿಡಿದು, ಸಿದ್ಧತೆಯೂ ನೋಂದಣಿಯೂ ಮುಗಿಯುವವರೆಗೆ ಬಿಡದಿದ್ದರೆ ನಡುವಣ ಬಿಡುವೂ ಇಲ್ಲ, ಕ್ರಮದ ವಿರೋಧವೂ ಇಲ್ಲ. ಒಳಗೆ ಮತ್ತೆ ಬೀಗವನ್ನು ಕೇಳದೆ ಹೆಸರನ್ನಷ್ಟೇ ಬರೆದುಕೊಳ್ಳುವ ಒಂದು ನೋಂದಣಿಯ ವಿಧಾನವನ್ನು ಅದಕ್ಕಾಗಿ ಕೊಟ್ಟರು. ಮೂಲ ತಿದ್ದುಪಡಿ ಚಿಕ್ಕದು. ಆದರೆ ಹಳೆಯ ಕ್ರಮವು ತಿರುಳಿನಲ್ಲಿ ಹರಡಿಕೊಂಡಿದ್ದುದರಿಂದ, ಅವನ್ನೆಲ್ಲ ಸರಿಪಡಿಸಲು ಐವತ್ತಕ್ಕೆ ಮೇಲ್ಪಟ್ಟ ತಿದ್ದುಪಡಿಗಳ ಮಾಲೆಯೇ ಬೇಕಾಯಿತು. ಅದೇ ವರ್ಷದ ಜೂನಿನಲ್ಲಿ ಹೊರಬಿದ್ದ ೩.೧೫ನೆಯ ಆವೃತ್ತಿಯಲ್ಲಿ ಇವು ಸೇರಿದುವು.

೫

ಇಂಥ ದೋಷವನ್ನು ಕಂಡುಹಿಡಿಯುವ ಬಗೆಯು ಸಂಶೋಧಕರ ಗಮನಕ್ಕೆ ವಿಶೇಷವಾಗಿ ಅರ್ಹವಾಗಿದೆ. ಗಂಟು ಬಿದ್ದ ಯಂತ್ರವು ಕೂಗುವುದಿಲ್ಲ, ಸುಮ್ಮನಾಗುತ್ತದೆ. ಒಂದು ಕಾರ್ಯವು ೧೨೦ ಸೆಕೆಂಡುಗಳಿಗಿಂತ ಹೆಚ್ಚು ಕಾಲ ಅಲುಗಾಡದೆ ನಿಂತರೆ ವರದಿ ಮಾಡುವ ಕಾವಲು ಲಿನಕ್ಸಿನಲ್ಲಿದೆ. ಆ ವರದಿಯಲ್ಲಿ ನಿಂತ ಕಾರ್ಯವನ್ನು ಯಾವ ಕ್ರಿಯೆ ಕರೆಯಿತು, ಅದನ್ನು ಯಾವುದು ಕರೆಯಿತು ಎಂಬ ಪರಂಪರೆ ಇರುತ್ತದೆ. ಶಾಸನದ ವಂಶಾವಳಿಯನ್ನು ಕಡೆಯ ಅರಸನಿಂದ ಮೇಲಕ್ಕೆ ಓದುವಂತೆ ಇದನ್ನು ಓದಿ, ಪ್ರತಿಯೊಬ್ಬನೂ ಏನನ್ನು ಹಿಡಿದಿದ್ದಾನೆ, ಏನಕ್ಕೆ ಕಾಯುತ್ತಿದ್ದಾನೆ ಎಂದು ಎರಡು ಪಟ್ಟಿಗಳನ್ನು ಮಾಡಿದರೆ ಚಕ್ರವು ಹೊರಬೀಳುತ್ತದೆ. ಆದರೆ ಎರಡು ಕ್ರಿಯೆಗಳು ಒಂದೇ ಗಳಿಗೆಯಲ್ಲಿ ಕೂಡಿಬರುವುದು ಅಪೂರ್ವ. ವರ್ಷಗಟ್ಟಲೆ ಒದಗದ ದೋಷವು ಇಲ್ಲವೇ ಇಲ್ಲವೆಂದು ನಂಬುವುದು ಸುಲಭ.

ಈ ತೊಡಕಿಗೆ ಹಂಗೇರಿಯ ಇಂಗೊ ಮೋಲ್ನಾರನು ೨೦೦೬ರಲ್ಲಿ ಉತ್ತರವನ್ನು ಕೊಟ್ಟನು. ಲಾಕ್‌ಡೆಪ್ ಎಂಬ ಆತನ ಸಾಧನವು ಗಂಟು ಬೀಳುವುದನ್ನು ಕಾಯುವುದಿಲ್ಲ. ಯಾವ ಬೀಗದ ಬಳಿಕ ಯಾವುದನ್ನು ಹಿಡಿದರೆಂಬುದನ್ನು ಬರೆದಿಟ್ಟುಕೊಳ್ಳುತ್ತದೆ. ಇಂದು ಒಂದು ಕ್ರಮ, ನಾಳೆ ಅದರ ವಿಲೋಮ ಕಂಡರೆ, ಯಂತ್ರವು ಸುಖವಾಗಿ ನಡೆಯುತ್ತಿದ್ದರೂ ಎಚ್ಚರಿಸುತ್ತದೆ.

ಇಲ್ಲಿಯೇ ಈ ಇತಿಹಾಸದ ಮುಖ್ಯಾಂಶವಿದೆ. ೨೦೦೮ರ ಪರಿಹಾರವು ಬೀಗದ ಸ್ಥಳದಲ್ಲಿ ಲೆಕ್ಕವನ್ನಿಟ್ಟಿತು. ಲೆಕ್ಕವನ್ನು ಬೀಗವೆಂದು ಲಾಕ್‌ಡೆಪ್ ಅರಿಯದು. ಕಾಯಿಸುವ ಶಕ್ತಿಯಲ್ಲಿ ಅದು ಬೀಗವೇ ಆಗಿದ್ದರೂ, ಹೆಸರು ಬೇರೆಯಾದುದರಿಂದ ಪರೀಕ್ಷೆಯ ಕಣ್ಣಿಗೆ ಬೀಳಲಿಲ್ಲ. ಒಂದು ದೋಷದ ಚಿಕಿತ್ಸೆಯು ಮತ್ತೊಂದರ ಲಕ್ಷಣವನ್ನು ಅಡಗಿಸಿತು. ೨೦೧೪ರ ತಿದ್ದುಪಡಿಗಳ ಮಾಲೆಯಲ್ಲಿ ಈ ಲೆಕ್ಕವು ಲಾಕ್‌ಡೆಪ್ಪಿಗೆ ಬೀಗವಾಗಿ ಕಾಣುವಂತೆ ಮಾಡುವ ತಿದ್ದುಪಡಿಯೂ ಇದ್ದಿತು. ಅದನ್ನು ಬರೆದವರು ಲೆಕ್ಕದ ಏರ್ಪಾಡನ್ನು ತಂದ ಶೆಣೈಯವರೇ. ತಮ್ಮ ಪರಿಹಾರದ ನ್ಯೂನತೆಯನ್ನು ತಾವೇ ತುಂಬಿದ ಈ ವಿದ್ವತ್ಪ್ರಾಮಾಣಿಕತೆಯು ಯಾವ ಶಾಸ್ತ್ರದಲ್ಲಿಯೂ ಮೆಚ್ಚತಕ್ಕುದಾಗಿದೆ.

೬

ಮುಂದೆ ಈ ಭಾಗವು ಮತ್ತೆ ಮಾರ್ಪಾಡಾಯಿತು. ಹಳೆಯ ನೋಂದಣಿಯ ಪದ್ಧತಿಗೆ ಪ್ರತಿಯಾಗಿ ಹಂತಹಂತದ ಹೊಸ ವ್ಯವಸ್ಥೆ ಬಂದು, ೨೦೧೭ರ ಫೆಬ್ರವರಿಯ ೪.೧೦ನೆಯ ಆವೃತ್ತಿಯ ಹೊತ್ತಿಗೆ ಹಳೆಯದು ಮರೆಯಾಯಿತು. ಭಟ್ಟರು ಸೂಚಿಸಿದ ವಿಧಾನಕ್ಕೂ ಆಗ ಅವಶ್ಯಕತೆ ಉಳಿಯಲಿಲ್ಲ. ಅದೇ ವರ್ಷದ ೪.೧೩ನೆಯ ಆವೃತ್ತಿಯಲ್ಲಿ ಥಾಮಸ್ ಗ್ಲೈಕ್ಸ್‌ನರ್ ಮೊದಲಾದವರ ಪ್ರಯತ್ನದಿಂದ ಲೆಕ್ಕವು ಹೋಗಿ, ಓದುಗರಿಗೂ ತಿದ್ದುವವರಿಗೂ ಭೇದವೆಣಿಸುವ ನಿಜವಾದ ಬೀಗವೇ ಬಂದಿತು. ಹಿಡಿದವನೇ ಮತ್ತೆ ಹಿಡಿಯುವ ಸಡಿಲಿಕೆಯನ್ನು ಅದು ಒಪ್ಪಲಿಲ್ಲ. ಒಪ್ಪದಿದ್ದುದರಿಂದಲೇ ಅಡಗಿದ್ದ ಹಲವು ಹಳೆಯ ಗಂಟುಗಳು ಬಯಲಿಗೆ ಬಂದುವು. ೨೦೦೬ರಲ್ಲಿ ಅರೆಮನಸ್ಸಿನಿಂದ ಕೊಟ್ಟ ಅನುಮತಿಯನ್ನು ಹನ್ನೊಂದು ವರ್ಷಗಳ ಮೇಲೆ ಹಿಂದಕ್ಕೆ ಪಡೆದಂತಾಯಿತು.

ಮೇಲಣ ಸಂಗತಿಗಳಿಂದ ತಿಳಿಯಬರುವುದಿಷ್ಟು. ಕಗ್ಗಂಟಿನಲ್ಲಿ ಅಪರಾಧಿಯನ್ನು ಹುಡುಕುವುದು ವ್ಯರ್ಥ. ಪ್ರತಿಯೊಂದು ಭಾಗವನ್ನೂ ಬಿಡಿಯಾಗಿ ನೋಡಿದರೆ ಅದು ನಿರ್ದೋಷವೇ. ದೋಷವಿರುವುದು ಎರಡರ ನಡುವಣ ಕ್ರಮದಲ್ಲಿ. ಬೀಗವನ್ನು ಬಲಪಡಿಸುವುದರಿಂದಾಗಲಿ ಸಡಿಲಿಸುವುದರಿಂದಾಗಲಿ ಅದು ಹೋಗದು. ಎಲ್ಲರಿಗೂ ಒಂದೇ ಕ್ರಮವನ್ನು ವಿಧಿಸಬೇಕು. ಆ ಕ್ರಮವು ಮುರಿದಾಗ ಎಲ್ಲರ ಕಣ್ಣಿಗೂ ಕಾಣುವಂತಿರಬೇಕು. ೨೦೧೪ರ ಕೆಲಸದಲ್ಲಿ ಈ ಎರಡೂ ಒಟ್ಟಿಗೆ ನಡೆದುದೇ ಅದರ ಹಿರಿಮೆ. ಶಲವಡಿಯ ಹೊಲದಲ್ಲಿಯೂ ಎತ್ತು ಕೂರಿಗೆಗಳನ್ನು ಹೆಚ್ಚಿಸದೆಯೇ ಬಿತ್ತನೆಯನ್ನು ನಡೆಸಬಹುದಾಗಿತ್ತು. ಯಾವುದನ್ನು ಮೊದಲು ಕೇಳಬೇಕೆಂಬ ಒಂದು ಮಾತು ಹದವಿರುವಾಗಲೇ ಇಬ್ಬರಲ್ಲಿಯೂ ಗೊತ್ತಾಗಿದ್ದರೆ ಸಾಕಿತ್ತು.