ಕಾಫಿ ಹೌಸು ಕಲಿಸಿದ ರುಚಿ

ಕನ್ನಡಿಗರಿಗೆ ಕಾಫಿ, ಉತ್ತರದವರಿಗೆ ಚಹಾ ಎಂದು ನಾವು ಸಲೀಸಾಗಿ ಗೆರೆ ಎಳೆದುಬಿಡುತ್ತೇವೆ, ನಾಲಗೆಯ ರುಚಿ ಹುಟ್ಟಿನೊಡನೆ ಬಂದದ್ದೋ ಎಂಬಂತೆ. ಇತಿಹಾಸ ಹೇಳುವುದು ಬೇರೆ.

1930ರ ಸುಮಾರಿಗೆ ಜಗತ್ತಿಗೆಲ್ಲ ಆರ್ಥಿಕ ಮುಗ್ಗಟ್ಟು ಬಡಿದು ಕಾಫಿಯ ಬೆಲೆ ನೆಲ ಕಚ್ಚಿತು. ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರು ಬಹುಮಟ್ಟಿಗೆ ಪರದೇಶದ ಪೇಟೆಯನ್ನೇ ನಂಬಿದ್ದವರು. ಅವರಿಗೆ ದಿಕ್ಕು ತೋಚದಂತಾಯಿತು. 1935ರಲ್ಲಿ ಕಾಯಿದೆಯ ಮೂಲಕ ಕಾಫಿ ಸೆಸ್ ಸಮಿತಿ ಏರ್ಪಟ್ಟಿತು. ನಮ್ಮ ದೇಶದವರಿಗೇ ಕಾಫಿಯ ರುಚಿ ಹತ್ತಿಸುವುದು ಅದರ ಕೆಲಸಗಳಲ್ಲೊಂದು. ಅದಕ್ಕಾಗಿ 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ಬಾಗಿಲು ತೆರೆಯಿತು. 1942ರ ಕಾಯಿದೆಯ ನಂತರ ಕಾಫಿ ಬೋರ್ಡು ಈ ಕಾರ್ಯವನ್ನು ಊರೂರಿಗೆ ವಿಸ್ತರಿಸಿತು. ಚಹಾದ ನಾಡಾದ ಕಲ್ಕತ್ತೆಯಲ್ಲೂ ಅದೇ ವರ್ಷ ಆಲ್ಬರ್ಟ್ ಹಾಲಿನಲ್ಲಿ ಕಾಫಿ ಹೌಸು ಬಂದಿತು.

ಒಂದು ಕಪ್ಪು ಕಾಫಿ ತರಿಸಿ ಗಂಟೆಗಟ್ಟಲೆ ಕುಳಿತರೂ ಅಲ್ಲಿ ಏಳಿ ಎನ್ನುವವರಿರಲಿಲ್ಲ. ಕಾಫಿ ಮಾರಲೆಂದು ಹಾಕಿದ ಮೇಜು ಕ್ರಮೇಣ ವಿದ್ಯಾರ್ಥಿಗಳು, ಲೇಖಕರು, ಪತ್ರಕರ್ತರು ಕೂಡುವ ಜಗಲಿಕಟ್ಟೆಯಾಯಿತು. ಸಂಸ್ಥೆ ರುಚಿಯನ್ನು ಬೆಳೆಸಿದ್ದು ಹೀಗೆ.

ಮುಂದೆ ರುಚಿಯೇ ಸಂಸ್ಥೆಯನ್ನು ಉಳಿಸಬೇಕಾದ ಕಾಲ ಬಂದಿತು. 1950ರ ದಶಕದ ನಡುವೆ ಬೋರ್ಡು ಕಾಫಿ ಹೌಸುಗಳನ್ನು ಮುಚ್ಚಲು ಹೊರಟಿತು. ಕೆಲಸಗಾರರ ಅನ್ನಕ್ಕೇ ಕುತ್ತು ಬಂದಾಗ, ಎ. ಕೆ. ಗೋಪಾಲನ್ ಅವರ ಬೆಂಬಲದೊಂದಿಗೆ ಅವರು ಸಹಕಾರ ಸಂಘಗಳನ್ನು ಕಟ್ಟಿಕೊಂಡರು. ಇವುಗಳಲ್ಲಿ ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. 1958ರಲ್ಲಿ ಆಲ್ಬರ್ಟ್ ಹಾಲಿನ ಕಾಫಿ ಹೌಸು ಮುಚ್ಚಿದಾಗ ಅಧ್ಯಾಪಕರೇ ಸರಕಾರಕ್ಕೆ ಮನವಿ ಕೊಟ್ಟು, ಅದು ಅದೇ ವರ್ಷ ಮತ್ತೆ ತೆರೆಯಿತು. ಕಾಫಿಯ ಜೊತೆಗೆ ಕೂಡಿ ಮಾತಾಡುವ ರುಚಿಯೂ ಹತ್ತಿದ್ದವರು ಅವರು.

ಬೀಜ ಮೊದಲೋ ವೃಕ್ಷ ಮೊದಲೋ ಎಂಬ ವಾದವನ್ನು ಪಂಡಿತರಿಗೆ ಬಿಡೋಣ. ಒಂದಿಲ್ಲದೆ ಇನ್ನೊಂದು ಬಹುಕಾಲ ಬಾಳದು ಎಂಬುದಂತೂ ನಿಜ. ಹೊರನಾಡಿನಲ್ಲಿರುವ ನಮಗೆ ಈ ಮಾತು ಹತ್ತಿರದ್ದು. ನಮ್ಮ ಮಕ್ಕಳಿಗೆ ಕನ್ನಡದ ರುಚಿ ಇಲ್ಲ, ಆದ್ದರಿಂದ ಸಂಘಕ್ಕೆ ಬರುವುದಿಲ್ಲ ಎಂದು ಕೊರಗುತ್ತೇವೆ. ಆದರೆ ಬಂದ ಮಕ್ಕಳಿಗೆ ನಾವು ಕೊಡುವುದು ಹಿರಿಯರ ಭಾಷಣ ಕೇಳುವ ಕುರ್ಚಿಯೊಂದನ್ನೇ. ರುಚಿ ಬರಲೆಂದು ಕಾಯುತ್ತ ಕುಳಿತಿದ್ದರೆ ಚರ್ಚ್‌ಗೇಟಿನ ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಮಕ್ಕಳು ತಮ್ಮಷ್ಟಕ್ಕೆ ಕೂತು, ತಪ್ಪಾದರೂ ಸರಿ, ಕನ್ನಡದಲ್ಲಿ ಹರಟಬಲ್ಲ ಒಂದು ಮೇಜನ್ನು ನಮ್ಮ ಸಂಘಗಳು ಮೊದಲು ಹಾಕಲಿ. ನಾಳೆ ಸಂಘದ ಬಾಗಿಲು ಮುಚ್ಚುವ ದಿನ ಬಂದರೆ, ಬೇಡ ಎನ್ನುವವರು ಆ ಮೇಜಿನಿಂದಲೇ ಏಳಬೇಕು.